ಯಾವ ಕೋವಿಗೆ ಯಾವ ಈಡು?

ಅಂಕೋಲೆ ಮತ್ತು ಕಾರವಾರ ತಾಲೂಕುಗಳ ಘಟ್ಟದಂಚಿನ ಊರುಗಳಲ್ಲಿ, ಹಿಲ್ಲೂರು, ಅಚವೆ, ಸುಂಕಸಾಳ, ಕದ್ರಾ, ದೇವಳಮಕ್ಕಿಯ ಕಡೆಗಳಲ್ಲಿ, ಕೋವಿಯನ್ನು ಜನ ಯುದ್ಧದ ಆಯುಧವೆಂದು ಕಂಡದ್ದು ಕಡಿಮೆ. ಅದು ಕತ್ತಿ, ಗುದ್ದಲಿ, ನೇಗಿಲುಗಳ ಸಾಲಿನಲ್ಲಿ ನಿಂತ ಬೇಸಾಯದ ಸಾಧನವಾಗಿತ್ತು. ಮಹಾನವಮಿಯ ಆಯುಧಪೂಜೆಯಲ್ಲಿ ಅದಕ್ಕೂ ಗಂಧ, ಹೂವು ಸಲ್ಲುತ್ತಿದ್ದವು. ಮರುದಿನ ರಾತ್ರಿ ಅದು ಗದ್ದೆಯ ಮಾಳದಲ್ಲಿ ಕಾವಲುಗಾರನ ಮಗ್ಗುಲಲ್ಲಿ ಮಲಗಿರುತ್ತಿತ್ತು. ಆ ಕೋವಿಗೆ ಸಂಬಂಧಿಸಿದ ಮಾತುಗಳನ್ನು ಯಾರಾದರೂ ಕಲೆಹಾಕಿದರೆ ಒಂದು ಕಿರು ಶಬ್ದಕೋಶವೇ ಆದೀತು. ಬಾಯಿಯಿಂದ ತುಂಬುವುದು ಮದ್ದು. ಅದರ ಮೇಲೆ ಬೀಳುವುದು ಚರೆ ಅಥವಾ ಗುಂಡು. ಕಿಡಿ ಹುಟ್ಟಿಸುವುದು ಕೇಪು. ಒಮ್ಮೆ ಹಾರಿಸಲು ಬೇಕಾದಷ್ಟು ತುಂಬಿದ್ದು ಈಡು. ಇವೆಲ್ಲವನ್ನೂ ಒಂದೇ ಕೊಳವೆಯಲ್ಲಿ ಅಡಕಮಾಡಿ ಪೇಟೆಯಿಂದ ಬಂದದ್ದು ತೋಟೆ.

ಈ ವಿಷಯವನ್ನು ಬರೆಯಲು ಕಾರಣವಾದದ್ದು ಅಮೆರಿಕದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬನ ಪತ್ರ. ಅಲ್ಲಿ ಮ್ಯಾಗ್ನಂ ರಿವಾಲ್ವರನ್ನು ಕೊಂಡವರು ಯಾವ ತೋಟೆ ಹೆಚ್ಚು ಪರಿಣಾಮಕಾರಿ ಎಂಬುದರ ಬಗ್ಗೆ ದಿನಗಟ್ಟಲೆ ಚರ್ಚಿಸುತ್ತಾರಂತೆ. ಅಂಗಡಿಯ ಗೋಡೆಯ ತುಂಬ ಬಗೆಬಗೆಯ ಡಬ್ಬಿಗಳಿರುತ್ತವಂತೆ. "ನಮ್ಮ ಅಜ್ಜಂದಿರು ಹೇಗೆ ಆರಿಸುತ್ತಿದ್ದರು ಸರ್?" ಎಂದು ಅವನು ಕೇಳಿದ್ದಾನೆ. ಪ್ರಶ್ನೆ ಸಣ್ಣದಾಗಿ ಕಂಡರೂ ಉತ್ತರ ಹುಡುಕುತ್ತ ಹೋದಾಗ ಅದು ನಮ್ಮ ಜಿಲ್ಲೆಯ ನೂರೈವತ್ತು ವರ್ಷಗಳ ಚರಿತ್ರೆಯೊಳಕ್ಕೆ ನನ್ನನ್ನು ಒಯ್ದಿತು. ಅಲ್ಲಿ ಎರಡು ಸಂಗತಿಗಳು ನನಗೆ ಸ್ಪಷ್ಟವಾದವು. ಒಳ್ಳೆಯ ಈಡನ್ನು ಅದರ ಬಲದಿಂದಷ್ಟೇ ಅಳೆಯುವಂತಿಲ್ಲ. ಅದು ತಲುಪಬೇಕಾದಲ್ಲಿ ತಲುಪಬೇಕು, ಅಲ್ಲಿಯೇ ನಿಲ್ಲಬೇಕು. ಎರಡನೆಯದಾಗಿ, ಅದನ್ನು ಆರಿಸುವ ಅಧಿಕಾರ ನಮ್ಮ ರೈತನ ಕೈಯಲ್ಲಿ ಪೂರ್ತಿಯಾಗಿ ಇದ್ದ ಕಾಲ ಬಹಳ ಹಿಂದೆಯೇ ಕಳೆದುಹೋಗಿದೆ.

ಮೊದಲು ನಮ್ಮ ಹಳೆಯ ಕೇಪಿನ ಕೋವಿಯ ಮಾತು. ಪೆಟ್ಲುಪ್ಪು, ಗಂಧಕ, ಇದ್ದಿಲು ಈ ಮೂರರ ಮಿಶ್ರಣವಾದ ಕಪ್ಪು ಮದ್ದು ಜಗತ್ತಿನಲ್ಲೆಲ್ಲ ನೂರಾರು ವರ್ಷ ಕೋವಿಗಳ ಏಕೈಕ ಆಹಾರವಾಗಿತ್ತು. ಅದಕ್ಕೆ ಕಿಡಿ ಹಚ್ಚಲು ಮೊದಲು ಬತ್ತಿಯಿತ್ತು, ಬಳಿಕ ಚಕಮಕಿ ಕಲ್ಲು ಬಂತು. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫಾರ್ಸಿತ್, ಬಡಿದೊಡನೆ ಸಿಡಿಯುವ ರಾಸಾಯನಿಕವನ್ನು ಕೋವಿಗೆ ಅಳವಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದನು. ಕಾಡುಬಾತುಗಳು ಚಕಮಕಿಯ ಹೊಗೆ ಕಂಡು ಗುಂಡು ಬರುವ ಮೊದಲೇ ಹಾರಿಹೋಗುತ್ತಿದ್ದುದೇ ಅವನನ್ನು ಈ ಪ್ರಯೋಗಕ್ಕೆ ಹಚ್ಚಿತೆಂದು ಹೇಳುವುದುಂಟು. ಕೆಲವೇ ವರ್ಷಗಳಲ್ಲಿ ಆ ರಾಸಾಯನಿಕ ತಾಮ್ರದ ಪುಟ್ಟ ಟೊಪ್ಪಿಗೆಯೊಳಗೆ ಸೇರಿತು. ಅದೇ ನಮ್ಮವರ 'ಕೇಪು'.

ಕೇಪಿನ ಕೋವಿಯ ವೈಶಿಷ್ಟ್ಯವೆಂದರೆ ಅದರ ಪ್ರತಿಯೊಂದು ಈಡೂ ಆಯಾ ಹೊತ್ತಿನ ತೀರ್ಮಾನ. ನಳಿಗೆಯ ಬಾಯಿಯಿಂದ ಅಳೆದು ಮದ್ದು ಸುರಿಯಬೇಕು. ಮೇಲೆ ತೆಂಗಿನ ನಾರಿನ ಉಂಡೆಯನ್ನಿಟ್ಟು ಗಜದಿಂದ ಜಡಿಯಬೇಕು. ಬಳಿಕ ಚರೆ ಅಥವಾ ಗುಂಡು, ಅದು ಜಾರದಂತೆ ಮತ್ತೊಂದು ಉಂಡೆ. ಹಕ್ಕಿ ಓಡಿಸಬೇಕಿದ್ದರೆ ಬರೀ ಮದ್ದಿನ ಸದ್ದು ಸಾಕು. ಮಂಗಗಳಿಗೂ ಬಹಳ ದಿನ ಅದೇ ಸಾಕಾಗುತ್ತಿತ್ತು. ಮೊಲ, ಕಾಡುಕೋಳಿಗೆ ಸಣ್ಣ ಚರೆ. ಹಂದಿಗೆ ದಪ್ಪ ಚರೆ ಅಥವಾ ಒಂಟಿ ಗುಂಡು. ಒಮ್ಮೆ ಹಾರಿಸಿದ ಮೇಲೆ ಮತ್ತೆ ತುಂಬಲು ನಿಮಿಷವಾದರೂ ಬೇಕು. ಆದ್ದರಿಂದ ಹಾರಿಸುವ ಮೊದಲೇ ಯೋಚನೆ ಮುಗಿಯಬೇಕು. ಹಿರಿಯರು ಕಿರಿಯರಿಗೆ ಕಲಿಸುತ್ತಿದ್ದ ಮೊದಲ ಪಾಠ ಗುರಿಯದಲ್ಲ. ಗುರಿಯ ಹಿಂದೇನಿದೆ ಎಂದು ನೋಡುವುದು. ಹಂದಿಯ ಹಿಂದೆ ದರೆಯಿದ್ದರೆ ಹೊಡೆಯಬಹುದು. ಬಯಲಿದ್ದು ಅದರಾಚೆ ಮತ್ತೊಬ್ಬರ ಮಾಳವಿದ್ದರೆ ಹಂದಿಯನ್ನು ಬಿಡಬೇಕು. ಅಳತೆ ಮೀರಿ ಮದ್ದು ತುಂಬಿದವನ ನಳಿಗೆಯೇ ಸೀಳಿ ಅವನ ಕೈ ಹೋಗುವುದುಂಟು ಎಂಬ ಎಚ್ಚರಿಕೆ ಎರಡನೆಯ ಪಾಠ.

ಈ ಕೋವಿಗೆ ದೊಡ್ಡ ಶತ್ರು ನಮ್ಮ ಮಳೆಗಾಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಕಡಲಂಚಿನಲ್ಲಿ ಮದ್ದು ತೇವ ಹೀರುತ್ತದೆ, ಕೇಪು ಹುಸಿಯಾಗುತ್ತದೆ. ಆದರೆ ಹಂದಿಗೆ ಮಳೆಯ ಲೆಕ್ಕವಿಲ್ಲ. ಅಡುಗೆಮನೆಯ ಅಟ್ಟದಲ್ಲಿ, ಒಲೆಯ ಕಾವು ತಾಗುವಷ್ಟು ಹತ್ತಿರ ಆದರೆ ಕಿಡಿ ತಾಗದಷ್ಟು ದೂರ, ಮದ್ದಿನ ಡಬ್ಬಿ ಇಡುತ್ತಿದ್ದ ಮನೆಗಳನ್ನು ನಾನು ಕಂಡಿದ್ದೇನೆ. ಇಂದು ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಅಂದಿನವರಿಗೆ ಅದು ಬೆಲ್ಲದ ಮಡಕೆಯನ್ನು ಇರುವೆಯಿಂದ ಕಾಯುವಷ್ಟೇ ಸಹಜವಾದ ಕೆಲಸವಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಳಿಗೆಯನ್ನು ಹಿಂದಿನಿಂದ ತೆರೆದು ತೋಟೆ ಹಾಕುವ ಕೋವಿಗಳು ಹರಡಿದವು. ನಮ್ಮ ಕಡೆ ಉಳ್ಳವರ ಮನೆಗೆ ಒಂಟಿನಳಿಗೆಯ, ಜೋಡುನಳಿಗೆಯ ಹನ್ನೆರಡು ಬೋರಿನ ಕೋವಿಗಳು ಬಂದವು. ನನ್ನ ವಿದ್ಯಾರ್ಥಿಗಳಿಗೆ ವಿಲೋಮಾನುಪಾತ ಕಲಿಸಲು ನಾನು ಬಳಸುತ್ತಿದ್ದ ಉದಾಹರಣೆ ಕೆಲವರಿಗಾದರೂ ನೆನಪಿರಬಹುದು. ಒಂದು ಪೌಂಡು ಸೀಸವನ್ನು ಹನ್ನೆರಡು ಸಮನಾದ ಗುಂಡುಗಳನ್ನಾಗಿ ಎರೆದರೆ ಪ್ರತಿಯೊಂದರ ಅಗಲ ಎಷ್ಟೋ ಅಷ್ಟು ಅಗಲದ ನಳಿಗೆಯೇ ಹನ್ನೆರಡು ಬೋರು. ಅದು ಸುಮಾರು 18.5 ಮಿಲಿಮೀಟರು. ಹದಿನಾರು ಗುಂಡು ಮಾಡಿದರೆ ಹದಿನಾರು ಬೋರು. ಹಾಗಾಗಿ ಬೋರಿನ ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದಾಗುತ್ತದೆ.

ತೋಟೆಯೊಡನೆ ಆಯ್ಕೆಯ ರೀತಿಯೂ ಬದಲಾಯಿತು. ಅಳತೆ ಮಾಡುವವನು ಈಗ ರೈತನಲ್ಲ, ಕಾರ್ಖಾನೆ. ರೈತ ಆರಿಸಬೇಕಾದದ್ದು ಡಬ್ಬಿಯ ಮೇಲಿನ ಸಂಖ್ಯೆಯನ್ನು. ಇಂಗ್ಲಿಷರ ಕ್ರಮದಲ್ಲಿ ಆರನೆಯ ನಂಬರಿನ ಚರೆ ಒಂದು ಔನ್ಸಿಗೆ, ಅಂದರೆ ಸುಮಾರು 28 ಗ್ರಾಮಿಗೆ, 270 ಕಾಳು, ನಾಲ್ಕನೆಯ ನಂಬರಿನದು 170, ಬಿ.ಬಿ. 70, ಎ.ಎ.ಎ. 35, ಎಸ್.ಜಿ. ಎಂಟು, ಎಲ್.ಜಿ. ಆರು. ಕೊನೆಗೆ ಇಡೀ ನಳಿಗೆಗೆ ಒಂದೇ ಗುಂಡು. ಹಕ್ಕಿಗೆ ಕಾಳು ಹೆಚ್ಚಿರಬೇಕು, ಹಂದಿಗೆ ಕಾಳು ಭಾರವಿರಬೇಕು. ಹಂದಿಗೆ ಆರನೆಯ ನಂಬರು ಹಾರಿಸಿದರೆ ಅದು ಚರ್ಮದಲ್ಲಿ ಸಿಕ್ಕಿಕೊಂಡು, ಪ್ರಾಣಿ ದಿನಗಟ್ಟಲೆ ನರಳುತ್ತ ಕಾಡಿನಲ್ಲಿ ಅಲೆಯುತ್ತದೆ. ಗಾಯಗೊಂಡ ಹಂದಿ ಸೊಪ್ಪು ತರಲು ಹೋದ ಹೆಂಗಸಿನ ಮೇಲೆ ಏರಿಬರುತ್ತದೆ. ಅದೇ ಒಂಟಿ ಗುಂಡು ಹಂದಿಯನ್ನು ತಪ್ಪಿದರೆ ಬಹುದೂರದವರೆಗೆ ಪ್ರಾಣಾಂತಕ. ಎಲ್.ಜಿ. ಇವೆರಡರ ನಡುವಿನ ದಾರಿ. ಮೂವತ್ತು ನಲವತ್ತು ಗಜದೊಳಗೆ ಅದು ಕೆಲಸ ಮಾಡುತ್ತದೆ. ಆಮೇಲೆ ಹರಡಿ ನಿರ್ಬಲವಾಗುತ್ತದೆ. ಪುಣೆಯ ಬಳಿಯ ಖಡ್ಕಿಯ ಸರಕಾರಿ ಕಾರ್ಖಾನೆಯ 'ಶಕ್ತಿಮಾನ್' ತೋಟೆಗಳ ಹೆಸರು ನಮ್ಮ ಹಳ್ಳಿಗಳಲ್ಲಿಯೂ ಪರಿಚಿತವಾಗಿತ್ತು. ಕಾಗದದ ಕೊಳವೆಯ ತೋಟೆಗಳು ಆಷಾಢದಲ್ಲಿ ಉಬ್ಬಿ ನಳಿಗೆಯೊಳಗೆ ಹೋಗಲೊಲ್ಲವು. ಆದ್ದರಿಂದ ಪ್ಲಾಸ್ಟಿಕ್ಕಿನ ಕೊಳವೆ ಬಂದದ್ದು ಕರಾವಳಿಯವರಿಗೆ ದೊಡ್ಡ ಉಪಕಾರವಾಯಿತು. ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು' ಓದಿದವರಿಗೆ, ತೇಜಸ್ವಿಯವರ ಕಾಡಿನ ಬರಹಗಳನ್ನು ಬಲ್ಲವರಿಗೆ, ಈ ಲೋಕ ಹೊಸದಲ್ಲ.

ಇನ್ನು ವಿದ್ಯಾರ್ಥಿ ಕೇಳಿದ ಮ್ಯಾಗ್ನಮಿಗೆ ಬರೋಣ. ಅದರ ಕಥೆಯನ್ನು ಅಮೆರಿಕದಿಂದಲ್ಲ, ನಮ್ಮ ದೇಶದ ಕೊಲ್ಕತ್ತದ ಬಳಿಯ ದಮ್‌ದಮ್ಮಿನಿಂದ ಆರಂಭಿಸಬೇಕು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಮೇಲೆ ಗುಂಡಿನ ವೇಗ ಬಹಳ ಹೆಚ್ಚಿತು. ಆ ವೇಗಕ್ಕೆ ಸೀಸ ಕರಗಿ ಸವೆಯದಂತೆ ಅದರ ಮೇಲೆ ಗಟ್ಟಿ ಲೋಹದ ಕವಚ ಹೊದಿಸಿದರು. ಆದರೆ ಕವಚದ ಸಪೂರ ಗುಂಡು ಮನುಷ್ಯನ ದೇಹವನ್ನು ಸೂಜಿಯಂತೆ ಹಾದುಹೋಗುತ್ತದೆ, ಎದುರಾಳಿ ನಿಲ್ಲುವುದಿಲ್ಲ ಎಂದು 1895ರ ಚಿತ್ರಾಲ್ ದಂಡಯಾತ್ರೆಯ ಬಳಿಕ ಬ್ರಿಟಿಷ್ ಸೈನಿಕರು ದೂರಿದರು. ಆಗ ದಮ್‌ದಮ್ಮಿನ ಕಾರ್ಖಾನೆಯಲ್ಲಿ ಕ್ಯಾಪ್ಟನ್ ಬರ್ಟಿ ಕ್ಲೇ, ತುದಿಯ ಕವಚವನ್ನು ಬಿಟ್ಟು ಸೀಸ ಹೊರಗೆ ಕಾಣುವಂತೆ ಗುಂಡು ಮಾಡಿಸಿದನು. ಅದು ದೇಹದೊಳಗೆ ಅಣಬೆಯಂತೆ ಅರಳುತ್ತಿತ್ತು. ಅದರ ಕ್ರೌರ್ಯಕ್ಕೆ ಯುರೋಪು ಬೆಚ್ಚಿತು. 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ಅರಳುವ ಗುಂಡುಗಳ ಬಳಕೆಯನ್ನು ನಿಷೇಧಿಸಿತು. 'ದಮ್‌ದಮ್ ಗುಂಡು' ಎಂಬ ಹೆಸರಿನಿಂದ ನಮ್ಮ ನೆಲದ ಒಂದು ಊರು ಜಗತ್ತಿನ ನಿಘಂಟುಗಳನ್ನು ಸೇರಿದ್ದು ಹೀಗೆ.

ಇತ್ತ ಅಮೆರಿಕದ ಪೊಲೀಸರಲ್ಲಿ ಬಳಕೆಯಲ್ಲಿದ್ದದ್ದು .38 ಸ್ಪೆಷಲ್ ಎಂಬ ತೋಟೆ. 1920–30ರ ದಶಕಗಳಲ್ಲಿ ದರೋಡೆಕೋರರು ಮೋಟಾರು ಏರಿದಾಗ ಅದರ ಗುಂಡು ಕಾರಿನ ತಗಡನ್ನು ಭೇದಿಸಲಾರದಾಯಿತು. 1935ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ .357 ಮ್ಯಾಗ್ನಂ ರಿವಾಲ್ವರನ್ನು ಹೊರತಂದಿತು. ಲ್ಯಾಟಿನ್ ಭಾಷೆಯಲ್ಲಿ ಮ್ಯಾಗ್ನಂ ಎಂದರೆ ದೊಡ್ಡದು. ವಾಸ್ತವದಲ್ಲಿ ಗುಂಡಿನ ಅಗಲ ಹಳೆಯದರಷ್ಟೇ; ತೋಟೆಯ ಕೊಳವೆಯನ್ನು ಸುಮಾರು ಮೂರು ಮಿಲಿಮೀಟರು ಉದ್ದ ಮಾಡಿದರು, ಅಷ್ಟೆ. ಈ ಮೂರು ಮಿಲಿಮೀಟರಿನಲ್ಲಿ ಒಂದು ವಿವೇಕ ಅಡಗಿದೆ. ಉದ್ದವಾದ ತೋಟೆ ಹಳೆಯ ರಿವಾಲ್ವರಿನೊಳಗೆ ಹೋಗಲಾರದು. ಹೋದರೆ ಅದರ ಒತ್ತಡಕ್ಕೆ ಹಳೆಯ ಉಕ್ಕು ಸೀಳುತ್ತಿತ್ತು. ಆದರೆ ಮ್ಯಾಗ್ನಂ ರಿವಾಲ್ವರಿನಲ್ಲಿ .38ರ ತೋಟೆಯನ್ನು ನಿರಾತಂಕವಾಗಿ ಬಳಸಬಹುದು. ದೊಡ್ಡದರಲ್ಲಿ ಚಿಕ್ಕದು ಸೇರುತ್ತದೆ, ಚಿಕ್ಕದರಲ್ಲಿ ದೊಡ್ಡದು ಸೇರದು: ಮದ್ದು ಮಿತಿಮೀರದಿರಲಿ ಎಂಬ ನಮ್ಮ ಹಿರಿಯರ ಎರಡನೆಯ ಪಾಠವನ್ನೇ ಇಲ್ಲಿ ಉಕ್ಕಿನಲ್ಲಿ ಕಡೆದಿದ್ದಾರೆ.

ಬಳಿಕದ ಅರ್ಧ ಶತಮಾನ ಅಲ್ಲಿಯವರು ಕಂಡುಕೊಂಡದ್ದು ಬಲದ ಮಿತಿಗಳನ್ನು. ಮ್ಯಾಗ್ನಮಿನ ಗಟ್ಟಿ ಗುಂಡು ಒಬ್ಬನನ್ನು ಹಾದು ಹಿಂದಿನವನನ್ನೂ ತಾಗಬಲ್ಲದು. ಆದ್ದರಿಂದ ತುದಿಯಲ್ಲಿ ಕುಳಿಯಿರುವ, ಒಳಹೊಕ್ಕೊಡನೆ ಅರಳಿ ನಿಲ್ಲುವ ಗುಂಡುಗಳು ಪೊಲೀಸರಲ್ಲಿಯೂ ನಾಗರಿಕರಲ್ಲಿಯೂ ರೂಢಿಗೆ ಬಂದವು. ಯುದ್ಧದಲ್ಲಿ ಕ್ರೂರವೆಂದು ನಿಷೇಧಿಸಿದ ತತ್ತ್ವವೇ, ಜನಸಂದಣಿಯ ಬೀದಿಯಲ್ಲಿ ದಾರಿಹೋಕರನ್ನು ಕಾಪಾಡುವ ಉಪಾಯವಾದದ್ದು ಚರಿತ್ರೆಯ ವಿಚಿತ್ರಗಳಲ್ಲೊಂದು. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್‌ಬಿಐ ಅಧಿಕಾರಿಗಳಿಗೂ ಇಬ್ಬರು ದರೋಡೆಕೋರರಿಗೂ ನಡೆದ ಕಾಳಗದಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. ದರೋಡೆಕೋರನಿಗೆ ಮೊದಲೇ ತಗಲಿದ್ದ ಒಂದು ಗುಂಡು ಹೃದಯ ಮುಟ್ಟುವ ಮುನ್ನ ನಿಂತುಹೋಗಿತ್ತು. ಆ ಬಳಿಕ ಗುಂಡುಗಳನ್ನು ಮಾಂಸದ ಸಾಂದ್ರತೆಯ ಜೆಲಾಟಿನ್ ಗಡ್ಡೆಗೆ ಹಾರಿಸಿ ಅಳೆಯುವ ಕ್ರಮ ಬಂತು. ಹನ್ನೆರಡು ಇಂಚಿಗಿಂತ ಕಡಿಮೆಯಾಗಬಾರದು, ಹದಿನೆಂಟನ್ನು ಮೀರಬಾರದು ಎಂಬುದು ಅಲ್ಲಿಯ ಅಳತೆಗೋಲು. ಆ ಕಾಳಗವನ್ನು ಮುಗಿಸಿದ ಗಾಯಾಳು ಅಧಿಕಾರಿಯ ಕೈಯಲ್ಲಿದ್ದದ್ದು .357 ಮ್ಯಾಗ್ನಂ ರಿವಾಲ್ವರು. ಆದರೆ ಅದರಲ್ಲಿ ತುಂಬಿದ್ದದ್ದು.38 ಸ್ಪೆಷಲ್ ತೋಟೆ. ಒದೆತ, ಸದ್ದು, ಕಣ್ಣು ಕೋರೈಸುವ ಬೆಂಕಿ ಇವುಗಳನ್ನು ತಾಳಿಕೊಂಡು ಎರಡನೆಯ ಗುಂಡನ್ನೂ ಗುರಿಗೆ ಮುಟ್ಟಿಸಬಲ್ಲ ತೋಟೆಯೇ ಅವನವನಿಗೆ ಒಳ್ಳೆಯ ತೋಟೆ. ವಿದ್ಯಾರ್ಥಿಗೆ ನನ್ನ ಉತ್ತರ ಇಷ್ಟೇ. ಹಿಲ್ಲೂರಿನ ಮಾಳದಲ್ಲಿ ಕುಳಿತವನು ಎಲ್.ಜಿ. ತೋಟೆಯನ್ನು ಆರಿಸಿದ್ದೂ ಇದೇ ತರ್ಕದಿಂದ.

ಆದರೆ ಹಿಲ್ಲೂರಿನವನಿಗೂ ಅಮೆರಿಕದವನಿಗೂ ಒಂದು ಮುಖ್ಯ ವ್ಯತ್ಯಾಸವಿತ್ತು. ಅಲ್ಲಿ ಆಯ್ಕೆ ಕೊಳ್ಳುವವನದು. ಇಲ್ಲಿ ಅದು ಬಹುಮಟ್ಟಿಗೆ ಸರಕಾರದ್ದು. ಈ ವ್ಯತ್ಯಾಸದ ಮೂಲ 1857ರಲ್ಲಿದೆ. ದಂಗೆಯ ಭಯದಿಂದ ಕಂಪನಿ ಸರಕಾರ ಜನರ ಶಸ್ತ್ರಗಳನ್ನು ಕಸಿಯಲು ಮುಂದಾಯಿತು. ಬೇಟೆಯೇ ಬದುಕಾಗಿದ್ದ ಹಲಗಲಿಯ ಬೇಡರು ಕೋವಿ ಕೊಡೆವೆಂದು ಎದ್ದು ನಿಂತರು; ಆ ವರ್ಷದ ನವೆಂಬರಿನ ಕೊನೆಯಲ್ಲಿ ಅವರ ಊರು ಬೆಂದುಹೋಯಿತು. ಆ ಸಾಹಸ ಲಾವಣಿಯಾಗಿ ಉಳಿದಿದೆ. ನಮ್ಮ ಉತ್ತರ ಕನ್ನಡ 1862ರಲ್ಲಿ ಮದ್ರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು; ಕಾರವಾರ ಜಿಲ್ಲೆಯ ಕೇಂದ್ರವಾಯಿತು. ಮುಂದೆ 1878ರಲ್ಲಿ ಎರಡು ಕಾಯಿದೆಗಳು ಒಂದೇ ವರ್ಷ ಬಂದವು. ಒಂದು ಅರಣ್ಯ ಕಾಯಿದೆ, ಇನ್ನೊಂದು ಶಸ್ತ್ರ ಕಾಯಿದೆ. ಮೊದಲನೆಯದರಿಂದ ಕಾಡು ಸರಕಾರದ ಸ್ವತ್ತಾಯಿತು. ಎರಡನೆಯದರಿಂದ ಕಾಡಿನಂಚಿನವನ ಕೋವಿ ಪರವಾನಗಿಯ ವಸ್ತುವಾಯಿತು. ಯುರೋಪಿಯನ್ನರಿಗೆ ಆಗ ಪರವಾನಗಿಯ ಕಟ್ಟು ಇರಲಿಲ್ಲ. ಕೊಡಗಿನವರಿಗೂ ವಿನಾಯಿತಿ ದೊರೆಯಿತು. ಆ ವಿನಾಯಿತಿ ಇಂದಿಗೂ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಘಟ್ಟದ ಇದೇ ಸಾಲಿನಲ್ಲಿ, ಇವೇ ಹಂದಿಗಳ ನಡುವೆ ಬದುಕುವ ನಮ್ಮ ಹಾಲಕ್ಕಿಗಳಿಗೆ, ಕರೆಒಕ್ಕಲಿಗರಿಗೆ, ಕುಣಬಿಗಳಿಗೆ, ಹವ್ಯಕರಿಗೆ ಅಂಥ ವಿನಾಯಿತಿ ಇಲ್ಲ.

ಇಲ್ಲಿ ಅಂಕೋಲೆಯವರಾದ ನಾವು ಮರೆತ ಒಂದು ಸಂಗತಿಯನ್ನು ಹೇಳಬೇಕು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರು ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದದ್ದು ನಮಗೆಲ್ಲ ತಿಳಿದಿದೆ. ಮುಂದಿನ ಕರನಿರಾಕರಣೆಯಲ್ಲಿ ಈ ತಾಲೂಕಿನ ಎಷ್ಟೋ ಕುಟುಂಬಗಳು ಭೂಮಿ ಕಳೆದುಕೊಂಡದ್ದೂ ತಿಳಿದಿದೆ. ಆ ಹೋರಾಟಕ್ಕೆ ಮೊದಲು, ಅದೇ ವರ್ಷದ ಜನವರಿಯ ಕೊನೆಯಲ್ಲಿ ಗಾಂಧೀಜಿ ಸರಕಾರದ ಮುಂದೆ ಹನ್ನೊಂದು ಬೇಡಿಕೆಗಳನ್ನಿಟ್ಟಿದ್ದರು. ಭೂಕಂದಾಯ ಅರ್ಧಕ್ಕೆ ಇಳಿಯಬೇಕು, ಉಪ್ಪಿನ ತೆರಿಗೆ ರದ್ದಾಗಬೇಕು ಎಂಬುವು ಅದರಲ್ಲಿದ್ದವು. ಹನ್ನೊಂದನೆಯದು ಏನು ಬಲ್ಲಿರಾ? ಜನತೆಯ ನಿಯಂತ್ರಣಕ್ಕೆ ಒಳಪಟ್ಟು, ಆತ್ಮರಕ್ಷಣೆಗಾಗಿ ಕೋವಿಯ ಪರವಾನಗಿ ನೀಡಬೇಕು ಎಂಬುದು! ಅಹಿಂಸೆಯ ಉಪದೇಶಕನ ಪಟ್ಟಿಯಲ್ಲಿ ಇದೆಲ್ಲಿಂದ ಬಂತೆಂದು ತರಗತಿಯಲ್ಲಿ ಮಕ್ಕಳು ಕೇಳುತ್ತಿದ್ದರು. ಕೊಲ್ಲದಿರುವ ಸಂಕಲ್ಪ ಶಕ್ತನಿಗೆ ಮಾತ್ರ ಅರ್ಥಪೂರ್ಣ, ಆಯುಧ ಕಸಿದು ಹೇರಿದ ಅಸಹಾಯಕತೆ ಅಹಿಂಸೆಯಲ್ಲ ಎಂಬುದು ನಾನು ಅವರಿಗೆ ಕೊಡುತ್ತಿದ್ದ ವಿವರಣೆ. ಉಪ್ಪಿಗಾಗಿ, ಕಂದಾಯಕ್ಕಾಗಿ ಅಂಕೋಲೆ ಹೋರಾಡಿತು. ಪೆಟ್ಲುಪ್ಪಿನ ಬೇಡಿಕೆ ಮಾತ್ರ ಪಟ್ಟಿಯ ಕೊನೆಯಲ್ಲಿಯೇ ಉಳಿಯಿತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತರು ಶಸ್ತ್ರ ಹೊಂದುವ ಹಕ್ಕನ್ನು ಮೂಲಭೂತ ಹಕ್ಕಾಗಿಸಲು ಯತ್ನಿಸಿದಾಗ ಸಭೆ ಒಪ್ಪಲಿಲ್ಲ. ಒಪ್ಪದಿದ್ದುದು ಸರಿಯೆಂದೇ ನನ್ನ ಅಭಿಪ್ರಾಯ. ವಿಭಜನೆಯ ರಕ್ತ ಆಗಿನ್ನೂ ಆರಿರಲಿಲ್ಲ.

ಸ್ವತಂತ್ರ ಭಾರತದ ಶಸ್ತ್ರ ಕಾಯಿದೆ 1959ರಲ್ಲಿ ಅಂಗೀಕಾರವಾಗಿ 1962ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಅದರ ಹದಿಮೂರನೆಯ ಕಲಮನ್ನು ರೈತರೆಲ್ಲ ಒಮ್ಮೆ ಓದಬೇಕು. ಬೆಳೆ ರಕ್ಷಣೆಗೆ ನಿಜವಾಗಿ ಬೇಕಾದವರಿಗೆ ಬಾಯಿಯಿಂದ ತುಂಬುವ ಕೋವಿಯ ಪರವಾನಗಿ ಕೊಡಬೇಕೆಂದು ಅದು ಹೇಳಿತು. ಆ ಕೋವಿ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ, ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಬೇರೆ ನಯನಳಿಗೆ ಕೋವಿಗೂ ಪರವಾನಗಿ ನೀಡಬಹುದೆಂದು ಸೇರಿಸಿತು. ಅಂದರೆ ರೈತನಿಗೆ ಯಾವ ಈಡು 'ಸಾಕು' ಎಂಬ ಪ್ರಶ್ನೆಯನ್ನು ಕಾನೂನು ತಾನೇ ಎತ್ತಿತು. ಆದರೆ ಉತ್ತರ ಹೇಳುವ ಅಧಿಕಾರವನ್ನು ರೈತನಿಗಲ್ಲ, ಕಚೇರಿಗೆ ಕೊಟ್ಟಿತು. ರಿವಾಲ್ವರಿನ ಮಾತಂತೂ ದೂರ. ಸೈನ್ಯ ಪೊಲೀಸರ ತೋಟೆಗಳು ಸೇರುವ ಹಲವು ಬೋರುಗಳು ಸಾಮಾನ್ಯರಿಗೆ ನಿಷಿದ್ಧ. ಹಾಗಾಗಿ ನಮ್ಮಲ್ಲಿ ಪರವಾನಗಿ ಪಡೆದವರ ಕೈಗೆ ಬರುವುದು ಹೆಚ್ಚಾಗಿ ಕಾನ್ಪುರದ ಸರಕಾರಿ ಕಾರ್ಖಾನೆಯ .32 ಬೋರಿನದು. ತೋಟೆಯಾದರೂ ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ಎಂಬುದು ಪರವಾನಗಿಯಲ್ಲಿಯೇ ಬರೆದಿರುತ್ತದೆ. ಬೆಳೆಯ ಹಂದಿಗೆ ರಿವಾಲ್ವರು ಯಾವ ದೇಶದಲ್ಲಿಯೂ ತಕ್ಕ ಸಾಧನವಲ್ಲವೆಂಬುದು ಬೇರೆ ಮಾತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ಯುಗಕ್ಕೆ ತೆರೆ ಎಳೆಯಿತು. ಅದು ಬರಲೇಬೇಕಿತ್ತು. ಹುಲಿ ಕೊಂದವನಿಗೆ ಬಹುಮಾನ ಕೊಡುತ್ತಿದ್ದ ಬ್ರಿಟಿಷ್ ಕಾಲದಿಂದ ಮೊದಲುಗೊಂಡು, ಜೀಪು ದೀಪಗಳ ಬೇಟೆಯವರೆಗೆ ನಮ್ಮ ಕಾಡುಗಳು ಬರಿದಾದದ್ದನ್ನು ನನ್ನ ತಲೆಮಾರು ಕಣ್ಣಾರೆ ಕಂಡಿದೆ. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ದಾಂಡೇಲಿ ಅಣಶಿ ಹುಲಿ ರಕ್ಷಿತಾರಣ್ಯವಾಗಿ, 2015ರಲ್ಲಿ ಕಾಳಿ ಎಂಬ ಹೆಸರು ಪಡೆಯಿತು. ಕಾಡು ಮತ್ತೆ ತುಂಬತೊಡಗಿದ್ದು ಸಂತೋಷದ ಸಂಗತಿ. ಆದರೆ ಅದೇ ಕಾಯಿದೆಯ ಪ್ರಕಾರ ಅಭಯಾರಣ್ಯದ ಹತ್ತು ಕಿಲೋಮೀಟರಿನೊಳಗೆ ಹೊಸ ಕೋವಿಯ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಹಂದಿಗಳ ಕಾಟ ಹೆಚ್ಚಿರುವುದೂ ಕಾಡಿನ ಅಂಚಿನ ಅದೇ ಊರುಗಳಲ್ಲಿ. ಬೆಳೆಗೆ ಕಂಟಕವಾದ ಹಂದಿಯನ್ನು ಕೊಲ್ಲಲು ಅಧಿಕಾರಿಯ ಲಿಖಿತ ಅನುಮತಿಯ ದಾರಿ ಹನ್ನೊಂದನೆಯ ಕಲಮಿನಲ್ಲಿದೆ. ಆದರೆ ಹಂದಿ ಅರ್ಜಿಯ ತೀರ್ಮಾನಕ್ಕೆ ಕಾಯುವುದಿಲ್ಲ. ಒಂದು ಇರುಳಿನಲ್ಲಿ ಅರ್ಧ ಎಕರೆ ಭತ್ತವನ್ನು ಮಗುಚಿ ಹೋಗುತ್ತದೆ. ಇದರ ಮೇಲೆ ಪ್ರತಿ ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸುವ, ಬಿಡಿಸಿಕೊಳ್ಳುವ ಅಲೆದಾಟ. ಅಜ್ಜನ ಪರವಾನಗಿಯನ್ನು ಮೊಮ್ಮಕ್ಕಳು ನವೀಕರಿಸದೆ ಬಿಡುವುದು ನಮ್ಮ ಕಡೆ ಸಾಮಾನ್ಯವಾಗಿದೆ.

ಕೋವಿ ಹೋದಲ್ಲಿ ಶಾಂತಿ ಬಂದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಅದರ ಜಾಗಕ್ಕೆ ಬಂದದ್ದು ಉರುಳು, ಬೇಲಿಗೆ ಹರಿಸಿದ ಕರೆಂಟು, ತಿನಿಸಿನಲ್ಲಿ ಅಡಗಿಸಿಟ್ಟ ಸಿಡಿಮದ್ದು. ಇವು ಮಲೆನಾಡು ಕರಾವಳಿಗಳಲ್ಲೆಲ್ಲ ಕೇಳಿಬರುವ ಸುದ್ದಿ. ಮೇಯಲು ಹೋದ ಹಸು ಬಾಯಿ ಛಿದ್ರವಾಗಿ ಮರಳುತ್ತದೆ. ಮುಂಜಾನೆ ನೀರು ತಿರುಗಿಸಲು ಹೋದ ಮನುಷ್ಯ ಬೇಲಿ ಮುಟ್ಟಿ ಬೀಳುತ್ತಾನೆ. ಹುಲಿಯೂ ಉರುಳಿಗೆ ಸಿಕ್ಕುತ್ತದೆ. ಇವೆಲ್ಲ ಕಾನೂನುಬಾಹಿರ, ಕ್ರೂರ. ಅದಕ್ಕಿಂತ ಮುಖ್ಯವಾಗಿ, ಇವುಗಳಿಗೆ ಕಣ್ಣಿಲ್ಲ. ಗುರಿಯ ಹಿಂದೇನಿದೆ ಎಂದು ನೋಡುವ ಮನುಷ್ಯನೊಬ್ಬ ಕೋವಿಯ ಹಿಂದೆ ಇರುತ್ತಿದ್ದ. ಸಿಡಿಮದ್ದಿನ ಹಿಂದೆ ಯಾರೂ ಇರುವುದಿಲ್ಲ. ಅದನ್ನು ಇಟ್ಟವನು ಆ ಹೊತ್ತಿಗೆ ಮನೆಯಲ್ಲಿ ನಿದ್ರಿಸುತ್ತಿರುತ್ತಾನೆ.

ಬೇಟೆಯ ಕಾಲ ಮರಳಬೇಕೆಂದು ನಾನು ಹೇಳುತ್ತಿಲ್ಲ. ಮನೆಮನೆಗೆ ಕೋವಿ ಇರಲಿ ಎಂದೂ ಅಲ್ಲ. ಮಕ್ಕಳಿರುವ ಮನೆಯಲ್ಲಿ ಕೋವಿ ಎಂಥ ಅಪಾಯವೆಂಬುದನ್ನು ಶಿಕ್ಷಕನಾದವನಿಗೆ ಯಾರೂ ಹೇಳಬೇಕಾಗಿಲ್ಲ. ಸೌರ ಬೇಲಿ, ಸಾಮೂಹಿಕ ಕಾವಲು, ಹೊತ್ತಿಗೆ ಸರಿಯಾಗಿ ಕೈಸೇರುವ ಬೆಳೆ ಪರಿಹಾರ ಇವು ಕೋವಿಗಿಂತ ಮೇಲು. ಆದರೆ ಬೇರೇನೂ ಸಾಲದ ಕಡೆ, ತರಬೇತಿ ಪಡೆದ ಕೆಲವರಿಗೆ, ಲೆಕ್ಕವಿಟ್ಟ ತೋಟೆಗಳೊಡನೆ, ಅನುಮತಿಯ ತೀರ್ಮಾನ ಇರುಳು ಕಳೆಯುವುದರೊಳಗೆ ಸಿಗುವಂತೆ ಏರ್ಪಡಿಸುವುದು ಅಸಾಧ್ಯವೇನಲ್ಲ. ಯಾವ ಕೋವಿಗೆ ಯಾವ ಈಡು ಎಂಬುದನ್ನು ಕಾನೂನು 1959ರಲ್ಲಿಯೇ ಯೋಚಿಸಿತ್ತು. ಯಾವ ಹೊತ್ತಿಗೆ ಎಂಬುದನ್ನು ಈಗಲಾದರೂ ಯೋಚಿಸಬೇಕು.

ಕೊನೆಯದಾಗಿ ನನ್ನ ವಿದ್ಯಾರ್ಥಿಗಳಲ್ಲಿ, ಬಂಧುಗಳಲ್ಲಿ ಒಂದು ಕೋರಿಕೆ. ಕಾರವಾರದ ಕಡಲತೀರದಲ್ಲಿ ಚಪಲ ಯುದ್ಧನೌಕೆಯನ್ನು 2006ರಿಂದ ವಸ್ತುಸಂಗ್ರಹಾಲಯವಾಗಿ ಕಾಪಾಡಿದ್ದಾರೆ. ಕ್ಷಿಪಣಿಯ ಚರಿತ್ರೆಗೆ ಒಂದು ಮನೆಯಿದೆ. ಕೇಪಿನ ಕೋವಿಯ ಚರಿತ್ರೆಗೆ ಅಂಥ ಮನೆಯಿಲ್ಲ. ನಿಮ್ಮ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಮುಂಬಯಿ ಸರಕಾರದ ಮೊಹರಿನ ಪರವಾನಗಿ ಪತ್ರಗಳಿದ್ದರೆ, ತೋಟೆ ಕೊಂಡ ಚೀಟಿಗಳಿದ್ದರೆ, ಅವನ್ನು ಎಸೆಯಬೇಡಿ. ಹಳೆಯ ಮದ್ದು, ತೋಟೆಗಳೇನಾದರೂ ಸಿಕ್ಕಿದರೆ ಮುಟ್ಟದೆ ಪೊಲೀಸರಿಗೆ ತಿಳಿಸಿ. ಕಾಗದಗಳನ್ನು ಮಾತ್ರ ಜೋಪಾನವಾಗಿಡಿ. ಮನೆಯಲ್ಲಿ ಮಾಳ ಕಾದ ಹಿರಿಯರು ಇನ್ನೂ ಇದ್ದರೆ ಅವರ ಬಳಿ ಕುಳಿತು ಕೇಳಿ, ಬರೆದಿಡಿ. ಎಷ್ಟು ಹಂದಿ ಹೊಡೆದಿರಿ ಎಂದು ಕೇಳಬೇಡಿ. ಎಷ್ಟು ಬಾರಿ ಕೋವಿ ಎತ್ತಿ, ಹಿಂದೇನಿದೆ ಎಂದು ನೋಡಿ, ಮತ್ತೆ ಇಳಿಸಿದಿರಿ ಎಂದು ಕೇಳಿ.